ದಖನಿ ಕಾಲದ ಜಾಮಾ ಹೊಲಿಸುವವರು ಮೊದಲು ಬಟ್ಟೆ ನೋಡಿ

ಜಾಮಾ ಅಂದರೆ ಮಗ್ಗುಲಲ್ಲಿ ಲಾಡಿ ಕಟ್ಟುವ ಉದ್ದನೆಯ ನಿಲುವಂಗಿ. ಬೀದರ್ ಕೋಟೆ ಕಾಲದ ಉಡುಪು ಅಂದ ತಕ್ಷಣ ಎಲ್ಲರೂ ಹೊಳೆಯುವ ಪಾಲಿಯೆಸ್ಟರ್ ಸ್ಯಾಟಿನ್ ತರುತ್ತಾರೆ. ದಯವಿಟ್ಟು ಬೇಡ. ಆಗ ಅದು ಇರಲೇ ಇಲ್ಲ, ನಮ್ಮ ಬಿಸಿಲಿಗೆ ಮೈಗೂ ಹಿಂಸೆ ಅಲ್ವಾ?

ಮೊದಲು 16, 17ನೇ ಶತಮಾನದ ದಖನಿ, ಅಂದರೆ ದಖ್ಖನ್ ಸುಲ್ತಾನರ ಕಾಲದ ಚಿತ್ರಗಳನ್ನು ನೋಡಿ. ಮ್ಯೂಸಿಯಂಗಳು ನೆಟ್‌ನಲ್ಲಿ ಹಾಕಿವೆ. ದೊಡ್ಡದು ಮಾಡಿ ನೋಡಿದರೆ ಜಾಮಾದ ಒಂದು ಮಗ್ಗುಲಲ್ಲಿ ಕಟ್ಟಿದ ಲಾಡಿ, ಒಳಗಿನ ಪೈಜಾಮ ಕಾಣುವಷ್ಟು ತೆಳುವಾದ ಬಿಳಿ ಮಲ್‌ಮಲ್, ಸೊಂಟಕ್ಕೆ ಸುತ್ತಿದ ಪಟ್ಟಿ ಎಲ್ಲ ಗೊತ್ತಾಗುತ್ತದೆ. ಜಿಪ್ ಬೇಡ, ಲಾಡಿ ಸಾಕು.

ಕೈಮಗ್ಗದ ಹತ್ತಿ ಮಲ್‌ಮಲ್ ತಗೊಳ್ಳಿ. ಹೊಳಪು ಬೇಕೇ ಬೇಕು ಅಂದರೆ ಮಶ್ರೂ ಅನ್ನೋ ಬಟ್ಟೆ ಇದೆ. ಅದರ ಮೇಲೆ ರೇಷ್ಮೆ, ಮೈಗೆ ತಾಗುವ ಕಡೆ ಹತ್ತಿ. ಈಗ ರೇಷ್ಮೆ ಬದಲು ರೇಯಾನ್ ಹಾಕಿದ್ದೂ ಬರುತ್ತದೆ, ಕೇಳಿ ತಗೊಳ್ಳಿ. ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಕೊಳ್ಳುವಾಗ ಸುಮ್ನೆ ಅಂಗಡಿಯವರ ಮಾತು ನಂಬಬೇಡಿ, ಅಂಚಿನಿಂದ ನಾಲ್ಕು ನೂಲು ಕೇಳಿ ತಂದು ಹುಷಾರಾಗಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆ ಕೂದಲು ಸುಟ್ಟ ಹಾಗೆ ನಾರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಮಾತ್ರ ಹತ್ತಿ ಥರವೇ ಉರಿಯುತ್ತದೆ, ಅಲ್ಲಿ ಮೋಸ ಹೋಗಬೇಡಿ.

ಮೊದಲ ಕೃತಕ ಬಣ್ಣ ಬಂದಿದ್ದೇ 1856ರಲ್ಲಿ. ಅದಕ್ಕೇ ಕಣ್ಣು ಕುಕ್ಕುವ ಗುಲಾಬಿ ಬಿಟ್ಟು ನೀಲಿ, ಮಂಜಿಷ್ಠ ಬೇರಿನ ಕೆಂಪು, ದಾಳಿಂಬೆ ಸಿಪ್ಪೆಯ ಹಳದಿ ಆರಿಸಿ.

ಕತ್ತರಿ ಹಾಕುವ ಮುಂಚೆ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ ಒಣಗಿಸಿ, ಕೈಮಗ್ಗದ ಹತ್ತಿ ಕುಗ್ಗುತ್ತದೆ. ಒಳ ಹೊಲಿಗೆ ಮಿಷನ್‌ನಲ್ಲಿ ಹಾಕಿದರೂ ನಡೆಯುತ್ತದೆ, ಹೊರಗೆ ಕಾಣುವ ಅಂಚು ಮಾತ್ರ ಕೈಯಲ್ಲೇ ಹೊಲಿಯಿರಿ.