ಪರ್ವತಿ ಮೆಟ್ಟಿಲ ಮೇಲೆ ಕ್ಯಾಟಲೇಸ್ ಅಳೆದದ್ದು: ನನ್ನ ಅನುಭವ

ವ್ಯಾಯಾಮದ ತೀವ್ರತೆ ಏರಿದಂತೆ ರಕ್ತದ ಆಂಟಿಆಕ್ಸಿಡೆಂಟ್ ಕಿಣ್ವಗಳು, ಅಂದರೆ ಆಮ್ಲಜನಕದ ಹಾನಿಕರ ರೂಪಗಳನ್ನು ತಣಿಸುವ ಕ್ಯಾಟಲೇಸ್‌ನಂಥವು, ಹೇಗೆ ಬದಲಾಗುತ್ತವೆ ಅಂತ ಬೆಟ್ಟ ಹತ್ತಿಸಿ ನೋಡಲು ಹೊರಟಿದ್ದೆ. ಟ್ರೆಡ್‌ಮಿಲ್ ಇಲ್ಲದೆ ವ್ಯಾಯಾಮದ ತೀವ್ರತೆ ಹಿಡಿತಕ್ಕೆ ಸಿಗಲ್ಲ, ಬೆಟ್ಟದಲ್ಲಿ ತೆಗೆದ ರಕ್ತ ಲ್ಯಾಬ್ ಸೇರುವಷ್ಟರಲ್ಲಿ ಕೆಟ್ಟಿರುತ್ತದೆ ಅಂತ ಜೊತೆಯವರೆಲ್ಲ ಹೇಳಿದ್ದರು. ಈಗ ಪುಣೆಯ ಪರ್ವತಿ ಬೆಟ್ಟದ ಸ್ಯಾಂಪಲ್‌ಗಳೇ ನನ್ನ ಕೈಯಲ್ಲಿರುವ ಅತ್ಯುತ್ತಮ ಸ್ಯಾಂಪಲ್‌ಗಳು.

ಪುಣೆಯ ಐಟಿ ಪ್ರದೇಶವಾದ ಹಿಂಜವಡಿಯಲ್ಲಿ ಕೆಲಸ ಮಾಡುವ ವಿಜಯಪುರ, ಬೆಳಗಾವಿ ಕಡೆಯ ಹುಡುಗರು ಒಪ್ಪಿ ಬಂದರು. ಎದೆಗೆ ಬೆಲ್ಟ್ ಕಟ್ಟಿ, ಹೃದಯಬಡಿತ ನೋಡ್ತಾ ಮೆಟ್ಟಿಲು ಹತ್ತಿಸಿದೆ. ಗರಿಷ್ಠ ಬಡಿತದ ಶೇ. 60, 75, 90. ವಾರಕ್ಕೊಂದು ಮಟ್ಟ, ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ. ಶೇ. 90ರ ದಿನವೂ "ಸರ, ಇನ್ನೊಮ್ಮೆ ಏರ್ಲೇನ್ರಿ?" ಅಂತ ಕೇಳುವ ಹುಡುಗರು ಅವರು!

ಮೊದಮೊದಲು ಎಲ್ಲ ಹಾಳಾಯಿತು. ಸ್ಕೂಟರಿನ ಕುಲುಕಾಟಕ್ಕೆ ಕೆಂಪು ಕಣ ಒಡೆದು ಪ್ಲಾಸ್ಮಾ (ರಕ್ತದ ದ್ರವಭಾಗ) ಗುಲಾಬಿಯಾಗಿರುತ್ತಿತ್ತು. ರಕ್ತದ ಕ್ಯಾಟಲೇಸ್ ಇರುವುದೇ ಹೆಚ್ಚಾಗಿ ಆ ಕಣಗಳೊಳಗೆ. ಸ್ವಲ್ಪ ಸೋರಿದರೂ ಪ್ಲಾಸ್ಮಾದ ಲೆಕ್ಕ ಸುಳ್ಳು. ಕೊನೆಗೆ ರಕ್ತವನ್ನು ಗಿರಗಿರ ತಿರುಗಿಸಿ ಕಣ ಬೇರ್ಪಡಿಸುವ ಸಣ್ಣ ಸೆಂಟ್ರಿಫ್ಯೂಜನ್ನೇ ಬೆಟ್ಟದ ಬುಡಕ್ಕೆ ಒಯ್ದೆ. ಪರಿಚಯದ ಅಂಗಡಿಯವರು ಪ್ಲಗ್ ಕೊಟ್ಟರು. ಅಲ್ಲೇ ಕಣ ಬೇರ್ಪಡಿಸಿ, ತಣ್ಣನೆಯ ಸಲೈನಿನಲ್ಲಿ ತೊಳೆದು, ಐಸ್ ಡಬ್ಬಿಗೆ ಹಾಕಿದೆ. ಆಮೇಲೆ ತೊಂದರೆಯೇ ಇಲ್ಲ.

ದುಡ್ಡು ಸುರಿದದ್ದು ಕಿಣ್ವ ಅಳೆಯುವ ಸಿದ್ಧ ಕಿಟ್‌ಗಳಿಗೆ. ಒಂದಕ್ಕೆ ಸುಮಾರು 40 ಸಾವಿರ. ಅದರಲ್ಲೂ ತಣ್ಣಗೆ ಬರಬೇಕಾದ ಒಂದು ಬಿಸಿಯಾಗಿಯೇ ಕೈ ಸೇರಿತು, ಮಾರಿದವರು ವಾಪಸ್ ತಗೊಳ್ಳಲಿಲ್ಲ. ಬೇಸತ್ತು ಎಸ್‌ಒಡಿಗೆ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಅದೇ ಗುಂಪಿನ ಇನ್ನೊಂದು ಕಿಣ್ವ) ಪೈರೊಗಲಾಲ್ ಅನ್ನುವ ರಾಸಾಯನಿಕ ಬಳಸುವ ಹಳೆಯ ವಿಧಾನ ಹಿಡಿದೆ: ಪಿಎಚ್ 8.2, ಓದುವ ಬೆಳಕಿನ ತರಂಗಾಂತರ 420 ನ್ಯಾನೋಮೀಟರ್, ಖರ್ಚು ಕೆಲವು ನೂರು. ಕ್ಯಾಟಲೇಸ್‌ಗೆ 240ರಲ್ಲಿ ಓದಬೇಕು, ಗಾಜಿನ ಕ್ಯೂವೆಟ್ (ದ್ರಾವಣ ಹಾಕಿ ಬೆಳಕು ಹಾಯಿಸುವ ಸಣ್ಣ ಪಾತ್ರೆ) ಆ ಬೆಳಕನ್ನೇ ನುಂಗುತ್ತದೆ. ಹಾಗಾಗಿ ಕ್ವಾರ್ಟ್ಸ್ ಜೋಡಿಗೆ ಎಂಟು ಸಾವಿರದಷ್ಟು ಕೊಟ್ಟೆ, ಅದು ದಂಡವಾಗಲಿಲ್ಲ. ಎಸ್‌ಒಡಿ ಓದುವ ಮುಂಚೆ ಎಥನಾಲ್, ಕ್ಲೋರೋಫಾರ್ಮ್ ಹಾಕಿ ಹಿಮೋಗ್ಲೋಬಿನ್ ತೆಗೀತೀವಲ್ಲ, ಅದರ ಅಳತೆ ಮತ್ತು ಸಮಯ ಮಾತ್ರ ನನ್ನ ಹತ್ತಿರವೇ ಇರಲಿ.

ಶೇ. 60ರಲ್ಲಿ ಏನೂ ಅಲುಗಲಿಲ್ಲ. 75ರಲ್ಲಿ ನಾನು ಅಳೆದ ಮೂರನೆಯ ಕಿಣ್ವ, ಗ್ಲುಟಾಥಯೋನ್ ಪೆರಾಕ್ಸಿಡೇಸ್, ಸ್ವಲ್ಪ ಏರಿತು. 90ರಲ್ಲಿ ಇಳಿದ ತಕ್ಷಣ ಕ್ಯಾಟಲೇಸ್ ಬಹುತೇಕ ಎಲ್ಲರಲ್ಲೂ ಏರಿತು, ಎಸ್‌ಒಡಿ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಬೆವರಿ ರಕ್ತ ಗಟ್ಟಿಯಾಗಿದ್ದಕ್ಕೆ ಏರಿದೆ ಅಂತ ಒಬ್ಬರು ವಾದಿಸಿದರು. ಮಿಲಿಲೀಟರ್ ಲೆಕ್ಕದಲ್ಲಿ ಅದು ನಿಜವೇ. ನಾನು ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಅಂತ ತೋರಿಸಿದೆ. ಆಗಲೂ ಏರಿಕೆ ಉಳಿದಿತ್ತು! ಕೆಂಪು ಕಣಕ್ಕೆ ನ್ಯೂಕ್ಲಿಯಸ್ಸೇ ಇಲ್ಲ, ಅಷ್ಟರಲ್ಲಿ ಹೊಸ ಕಿಣ್ವ ಮಾಡಲು ಅದಕ್ಕೆ ಆಗಲ್ಲ. ಇರುವ ಕಿಣ್ವವೇ ಚುರುಕಾಗಿದೆ ಅಂತ ನನ್ನ ನಂಬಿಕೆ.

ನಡುವೆ ಸುಮ್ನೆ ಕೆಲವರಿಗೆ ನೆಲ್ಲಿಕಾಯಿ ರಸ ಕುಡಿಸಿಯೂ ನೋಡಿದೆ. ಕಿಣ್ವಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಂದೆ ಮರುದಿನ ಬೆಳಗ್ಗೆಯ ರಕ್ತವನ್ನೂ ತೆಗೆಯುತ್ತೇನೆ, ಹುಡುಗರು ಈಗಲೇ ಒಪ್ಪಿದ್ದಾರೆ.