ಆಳುವವಳು, ಕೇಳುವವನು: ಶೃಂಗಾರದ ಕಥೆ ಬರೆದ ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿ ಕೂತು ನಾನು ಶೃಂಗಾರದ ಕಥೆ ಬರೆಯುತ್ತೇನೆ. ಒಬ್ಬರು ಅಪ್ಪಣೆ ಕೊಡುವುದು, ಇನ್ನೊಬ್ಬರು ಪಾಲಿಸುವುದು, ಇಂಥ ಆಟದ ಕಥೆಗಳೇ ಜಾಸ್ತಿ. ಇಬ್ಬರೂ ವಯಸ್ಸಿಗೆ ಬಂದವರು, ಇಬ್ಬರಿಗೂ ಅದು ಬೇಕು. ಆ 'ಬೇಕು' ಅನ್ನುವುದನ್ನು ಓದುಗರ ಕಣ್ಣಿಗೆ ಕಾಣಿಸುವುದೇ ದೊಡ್ಡ ಕೆಲಸ. ಕಥೆಯ ಮೇಲೆ ಸುಮ್ನೆ 'ಇದೆಲ್ಲ ಒಪ್ಪಿಗೆಯಿಂದ ನಡೆದದ್ದು' ಅಂತ ಬರೆದರೆ ಸಾಲದು.

ಇಳಕಲ್ಲಿನ ಗಂಡ ಹೆಂಡತಿಯ ಕಥೆಯೊಂದಿದೆ. ಮನೆಯಲ್ಲೇ ಮಗ್ಗ. ಹಗಲೆಲ್ಲ ಅವಳು ಗಂಡನನ್ನು 'ಏನ್ರೀ, ಬರ್ರೀ' ಅಂತಲೇ ಮಾತಾಡಿಸುತ್ತಾಳೆ. ರಾತ್ರಿ ಅವಳು ಹೇಳಿದ್ದನ್ನು ಅವನು ಕೇಳಬೇಕು. ಅದು ಅವನದೇ ಆಸೆ. ಆ ಮಾತನ್ನು ಹಾಸಿಗೆಯಲ್ಲಿ ಆಡಿಸದೆ, ಉಂಡ ಮೇಲೆ ಕಟ್ಟೆಯ ಮೇಲೆ ಆಡಿಸಿದೆ.

"ನನಗ ನೀ ಅನ್ನು. ರೀ ಹಚ್ಚಬ್ಯಾಡ."

"ಆಮ್ಯಾಲ ಸಿಟ್ಟಿಗೇಳಂಗಿಲ್ಲಲ್ರೀ?"

"ನಾನ ಕೇಳಾಕತ್ತೀನಲ್ಲ."

"ಸಾಕಾದ್ರ?"

"ಕೊಂಡಿ ಅಂತೀನಿ. ನಿನಗ ಸಾಕಾದ್ರೂ ಹಂಗ ಅನ್ನು."

ಕೊಂಡಿ ಅಂದರೆ ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆ ಸೇರಿಸುವ ಜೋಡಣೆ. ದಿನಾ ಅವರ ಬಾಯಲ್ಲಿರುವ ಮಾತು, ಆದರೆ ಹಾಸಿಗೆಯಲ್ಲಿ ತಾನಾಗಿ ಬರುವಂಥದ್ದಲ್ಲ. 'ಬ್ಯಾಡ' ಅನ್ನುವುದು ಆಟದ ಒಳಗೂ ಬರುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ.

ಕಥೆಯ ನಡುವೆ ಆ ಮಾತು ಬರುವಂತೆ ಮಾಡಿದೆ. ಹೇಳುವುದು ಅವಳು. ಆಳುವವರಿಗೂ ಸಾಕಾಗಬಹುದು, ಅಲ್ವಾ? ಅವನು ಕಾರಣ ಕೇಳುವುದಿಲ್ಲ, ಎದ್ದು ದೀಪ ಹಾಕುತ್ತಾನೆ. "ನೀರು ಕೊಡ್ರೀ" ಅನ್ನುತ್ತಾಳೆ ಅವಳು. 'ರೀ' ವಾಪಸ್ ಬಂತು, ಆಟ ನಿಂತಿತು. ನಾನು ಬೇರೆ ವಿವರಿಸಬೇಕಾಗಲಿಲ್ಲ.

ಮೊದಲೇ ಮಾತಾಡಿಕೊಳ್ಳುವುದು ಹೊರಗಿನಿಂದ ಬಂದ ಹೊಸ ಚಾಳಿ ಅನ್ನುವವರಿಗೆ ನಾನು ಕಾಮಸೂತ್ರ ತೋರಿಸುತ್ತೇನೆ. ಕೂಡುವಾಗಿನ ಹೊಡೆತಗಳ ಅಧ್ಯಾಯದಲ್ಲಿ ವಾತ್ಸ್ಯಾಯನ ಕುಂತಲದ ರಾಜ ಶಾತಕರ್ಣಿಯ ಸುದ್ದಿ ಹೇಳುತ್ತಾನೆ. ಅವನ ಹೊಡೆತಕ್ಕೆ ರಾಣಿ ಮಲಯವತಿ ಸತ್ತೇ ಹೋದಳು. ಕುಂತಲ ಅಂದರೆ ನಮ್ಮ ಸೀಮೆಯೂ ಸೇರಿದ ನಾಡು. ವೇಗದಲ್ಲಿರುವ ಕುದುರೆಗೆ ಗುಂಡಿ ಕಾಣುವುದಿಲ್ಲ, ಕೂಡುವವರಿಗೂ ಹಾಗೇ ಅನ್ನುತ್ತಾನೆ ವಾತ್ಸ್ಯಾಯನ. ಅದಕ್ಕೇ ಕುದುರೆ ಏರುವ ಮೊದಲೇ ಮಾತು ಮುಗಿದಿರಬೇಕು ಅನ್ನುವುದು ನನ್ನ ಹಟ.

1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯನ್ನೂ ಮತ್ತೆ ಮತ್ತೆ ಓದುತ್ತೇನೆ. ತಡವಾಗಿ ಬಂದಳು ಅಂತ ಮಾವುತ ತನ್ನ ಪ್ರೇಯಸಿ, ರಾಣಿ ಅಮೃತಮತಿಯನ್ನು ಹೊಡೆಯುತ್ತಾನೆ. ರಾಣಿ ಅವನನ್ನೇ ಬೇಡಿಕೊಳ್ಳುತ್ತಾಳೆ. ಅವಳ ಆಸೆ ಸುಳ್ಳಲ್ಲ, ಹುಡುಕಿಕೊಂಡು ಹೋದವಳು ಅವಳೇ. ಆದರೆ ಅವಳು ಸಾಕು ಅಂದಿದ್ದರೆ ಅವನ ಕೈ ನಿಲ್ಲುತ್ತಿತ್ತಾ? ನನ್ನ ಪ್ರತಿ ಕಥೆಗೂ ಈ ಪ್ರಶ್ನೆ ಹಾಕಿ ನೋಡುತ್ತೇನೆ.

ತುಂಬಾ ಕಾಡಿದ್ದು ರಬಕವಿ-ಬನಹಟ್ಟಿ ಕಡೆಯ ಕಥೆ. ಅವನು ಪವರ್‌ಲೂಮ್ ಮಾಲೀಕ, ಅವಳು ಅಲ್ಲೇ ದುಡಿಯುವವಳು, ಮುಂಗಡ ತೆಗೆದುಕೊಂಡು ಸಾಲದಲ್ಲಿದ್ದಾಳೆ. ಅವಳು ಎಷ್ಟೇ ಬಾಯಿ ತುಂಬಾ 'ಹೂಂ' ಅಂದರೂ ಅದರಲ್ಲಿ ಮನಸ್ಸೆಷ್ಟು, ಸಾಲವೆಷ್ಟು? ನನಗೇ ತಿಳಿಯದಿದ್ದರೆ ಓದುಗರಿಗೆ ಹೇಗೆ ತಿಳಿಯಬೇಕು? ಅದಕ್ಕೆ ಮೊದಲು ಸಾಲ ತೀರಿಸಿದೆ. ಅವಳನ್ನು ಬೇರೆ ಕಡೆ ಕೆಲಸಕ್ಕೆ ಸೇರಿಸಿದೆ. ಅಷ್ಟು ದಿನ ಅವನ ಬಾಯಿಂದ ಒಂದು ಮಾತೂ ಬರದ ಹಾಗೆ ನೋಡಿಕೊಂಡೆ. ಆಮೇಲೆ ಒಂದು ಸಂಜೆ ಅವಳೇ ಬಂದು ತನಗೆ ಏನು ಬೇಕು ಅಂತ ಹೇಳುತ್ತಾಳೆ.

ಇದರಿಂದ ಕಥೆಯ ಬಿಸಿ ಆರಿತು ಅಂದ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಈಗ ಅವಳು ಬಾರದೆಯೂ ಇರಬಹುದಿತ್ತು. ಆದರೂ ಬಂದಳು. ಬರೆಯುವಾಗ ನನ್ನ ಮೈ ಬಿಸಿಯಾದದ್ದು ಆ ಪುಟದಲ್ಲೇ.