ಕಡಲ್ಕೊರೆತದ ಅರ್ಜಿ ಬರೆಯಲು ಬ್ರಿಟನ್ನಿನ ಅರ್ಜಿಗಳನ್ನು ಓದಿದ್ದು

ಉಡುಪಿಯಲ್ಲಿ ನಾವು ಕೆಲವರು ಸೇರಿ ಕಡಲ್ಕೊರೆತದ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇವೆ. ಯಾವ ಊರಿನ ತೀರಕ್ಕೆ ಎಷ್ಟು ಲೋಡು ಕಲ್ಲು ಬಿತ್ತು, ಬಿಲ್ಲು ಎಷ್ಟಾಯಿತು, ಹೋದ ಮಳೆಗಾಲದಲ್ಲಿ ಹಾಕಿದ ಕಲ್ಲು ಈಗ ಎಲ್ಲಿದೆ, ಇಂಥವು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ. ಅದೂ ಸಾಮಾನ್ಯವಾಗಿ 150 ಪದ ಮೀರಬಾರದು. ಅಷ್ಟರೊಳಗೆ ಸರಿಯಾಗಿ ಕೇಳಲು ಬರಬೇಕು. ಬೇರೆ ಕಡೆಯವರು ಇದನ್ನೇ ಹೇಗೆ ಕೇಳಿ ಉತ್ತರ ಪಡೆದಿದ್ದಾರೆ ಅಂತ ಹುಡುಕಲು ಹೊರಟದ್ದು ಅದಕ್ಕೇ.

ನಮ್ಮಲ್ಲಿ ಹೆಚ್ಚಿನ ಅರ್ಜಿ, ಉತ್ತರ ಎಲ್ಲ ಅರ್ಜಿದಾರರ ಮನೆಯ ಫೈಲಿನಲ್ಲೋ ಲಾಗಿನ್ ಒಳಗೋ ಉಳಿದುಬಿಡುತ್ತದೆ. ಬ್ರಿಟನ್ನಿನಲ್ಲಿ ಮೈಸೊಸೈಟಿ ಎಂಬ ಸಂಸ್ಥೆ 2008ರಿಂದ ವಾಟ್ ಡು ದೇ ನೋ ಎಂಬ ಸೈಟ್ ನಡೆಸುತ್ತಿದೆ. ಅದರ ಮೂಲಕ ಕಳಿಸಿದ ಅರ್ಜಿ, ಕಚೇರಿಯಿಂದ ಬಂದ ಉತ್ತರ ಎರಡನ್ನೂ ಯಾರು ಬೇಕಾದರೂ ಓದಬಹುದು. ಅಲಾವೆತೆಲಿ ಎಂಬ ಅದರ ಸಾಫ್ಟ್‌ವೇರ್ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆಗೆದು ಬಳಸಬಹುದು. ಬೇರೆ ದೇಶಗಳಲ್ಲೂ ಅದೇ ಸಾಫ್ಟ್‌ವೇರಿನ ಸೈಟುಗಳಿವೆ.

ಕೂತು ಒಂದೊಂದೇ ಪುಟ ಓದಿದರೆ ಮುಗಿಯುವ ಕೆಲಸ ಅಲ್ಲ. ಆದರೆ ಇಲ್ಲಿ ಒಂದು ಅನುಕೂಲ ಇದೆ. ಅರ್ಜಿಯ ಪುಟದ ವಿಳಾಸದ ಕೊನೆಗೆ ಡಾಟ್ ಜೇಸನ್ (.json) ಅಂತ ಸೇರಿಸಿದರೆ ಸಾಕು, ಅದೇ ಮಾಹಿತಿ ಪ್ರೋಗ್ರಾಂಗೆ ಓದಲು ಬರುವ ರೂಪದಲ್ಲಿ ಸಿಗುತ್ತದೆ. ಕಚೇರಿಗಳ ಪುಟಕ್ಕೂ ಹೀಗೇ. ಓದುವುದಕ್ಕೆ ಕೀ, ಅಂದರೆ ಸೈಟಿನವರು ಕೊಡುವ ಗುಪ್ತ ಸಂಕೇತ, ಬೇಡ. ಹುಡುಕಾಟದ ಫಲಿತಾಂಶ ಫೀಡ್ ಆಗಿಯೂ, ಅಂದರೆ ಪ್ರೋಗ್ರಾಂ ಓದಬಲ್ಲ ಕೊಂಡಿಗಳ ಪಟ್ಟಿಯಾಗಿಯೂ ಸಿಗುತ್ತದೆ. ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್ (ಪ್ರೋಗ್ರಾಂ) ಬರೆದೆ. ಅದು ಫೀಡಿನಿಂದ ಕೊಂಡಿಗಳನ್ನು ತೆಗೆದು, ಒಂದೊಂದರ ಜೇಸನ್ ಇಳಿಸಿ, ನನ್ನ ಕಂಪ್ಯೂಟರಿನಲ್ಲಿ ಇಡುತ್ತದೆ. ಎರಡು ಕೋರಿಕೆಗಳ ನಡುವೆ ಕೆಲವು ಸೆಕೆಂಡ್ ಬಿಡುವು ಕೊಟ್ಟಿದ್ದೇನೆ. ಜನರ ದೇಣಿಗೆಯನ್ನು ನಂಬಿ ನಡೆಯುವ ಸೈಟಿನ ಮೇಲೆ ಸುಮ್ನೆ ಭಾರ ಹಾಕಬಾರದು ಅಲ್ವಾ. ಅರ್ಜಿದಾರರ ಹೆಸರಿರುವ ಭಾಗವನ್ನು ಉಳಿಸುವ ಮೊದಲೇ ಕಿತ್ತು ಹಾಕುತ್ತೇನೆ. ನನಗೆ ಬೇಕಾದ್ದು ಪ್ರಶ್ನೆ, ಕೇಳಿದವರಲ್ಲ.

ಜೇಸನ್ ಒಳಗೆ ಎಲ್ಲಕ್ಕಿಂತ ಜಾಗ್ರತೆಯಿಂದ ನೋಡಬೇಕಾದ್ದು ಡಿಸ್ಕ್ರೈಬ್ಡ್ ಸ್ಟೇಟ್ ಎಂಬ ಜಾಗ. ಅರ್ಜಿಯ ಸದ್ಯದ ಸ್ಥಿತಿ ಅಲ್ಲಿರುತ್ತದೆ: ‘ಸಕ್ಸೆಸ್‌ಫುಲ್’ (ಮಾಹಿತಿ ಸಿಕ್ಕಿತು), ‘ರಿಜೆಕ್ಟೆಡ್’ (ನಿರಾಕರಿಸಿದರು), ‘ನಾಟ್ ಹೆಲ್ಡ್’ (ಕಚೇರಿಯಲ್ಲಿ ಆ ಮಾಹಿತಿ ಇಲ್ಲ), ‘ವೇಟಿಂಗ್ ರೆಸ್ಪಾನ್ಸ್’ (ಉತ್ತರಕ್ಕೆ ಕಾಯುತ್ತಿದೆ) ಅಂತೆಲ್ಲ. ಅದನ್ನು ಗುರುತು ಮಾಡುವುದು ಸಾಮಾನ್ಯವಾಗಿ ಅರ್ಜಿದಾರರೇ. ಉತ್ತರ ಬಂದ ಮೇಲೆ ಅವರು ಸೈಟಿಗೆ ಮರಳದಿದ್ದರೆ ಹಳೆಯ ಗುರುತೇ ಉಳಿಯುತ್ತದೆ. ಹಾಗಾಗಿ ಅದನ್ನು ಮಾತ್ರ ಎಣಿಸಿ ‘ಇಷ್ಟು ಅರ್ಜಿಗೆ ಉತ್ತರವೇ ಇಲ್ಲ’ ಎನ್ನುವುದು ತಪ್ಪು ಲೆಕ್ಕ. ಪಕ್ಕದಲ್ಲೇ ಅವೇಟಿಂಗ್ ಡಿಸ್ಕ್ರಿಪ್ಷನ್ ಎಂಬ ಗುರುತು ಇದೆ. ಅದು ‘ಟ್ರೂ’ ಇದ್ದರೆ ಉತ್ತರ ಬಂದಿದೆ, ಅರ್ಜಿದಾರರು ಇನ್ನೂ ಏನೂ ಹೇಳಿಲ್ಲ ಅಂತ ಅರ್ಥ. ಕೆಳಗೆ ನಡೆದದ್ದರ ಪಟ್ಟಿ ಇರುತ್ತದೆ: ಯಾವಾಗ ಕಳಿಸಿದ್ದು, ಯಾವಾಗ ಉತ್ತರ ಬಂದದ್ದು. ನಾನು ನಂಬುವುದು ಈ ತಾರೀಖುಗಳನ್ನು. ಪತ್ರದ ಪೂರ್ತಿ ಪಠ್ಯ ಇಲ್ಲಿ ಬರುವುದಿಲ್ಲ, ತುಣುಕು ಮಾತ್ರ. ಲಗತ್ತುಗಳಿಗೆ ಪುಟವನ್ನೇ ತೆರೆಯಬೇಕು.

ನಮ್ಮ ಗುಂಪಿನ ಹಿರಿಯರೊಬ್ಬರು ಕೇಳಿದರು, “ಅಲ್ಲ ಮಾರಾಯ್ರೆ, ಅವರ ಕಡಲು ಬೇರೆ, ನಮ್ಮ ಕಡಲು ಬೇರೆ. ಅದನ್ನು ಓದಿ ಏನು ಪ್ರಯೋಜನ?” ನಾನೆಂದೆ, “ಕಡಲು ಬೇರೆಯೇ. ಆದ್ರೆ ಕಾಮಗಾರಿ ಅಂದ್ಮೇಲೆ ಅಳತೆ, ಬಿಲ್ಲು, ತಪಾಸಣೆ ವರದಿ ಅಲ್ಲೂ ಇರ್ತದಲ್ಲ ಮಾರಾಯ್ರೆ?”

ಓದುತ್ತಾ ಹೋದಂತೆ ಕಂಡದ್ದೂ ಅದೇ. ಒಳ್ಳೆಯ ಉತ್ತರ ಪಡೆದವರು ‘ಗೋಡೆ ಯಾಕೆ ಬಿತ್ತು’ ಅಂತ ಕೇಳಿರಲಿಲ್ಲ. ಇಂಥ ವರ್ಷದ ತಪಾಸಣೆ ವರದಿ ಕೊಡಿ, ಇಂಥ ಸರ್ವೆಯ ಪ್ರತಿ ಕೊಡಿ ಅಂತ ಕೇಳಿದ್ದರು. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯೂ ಕೊಡುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು. ಕಾರಣ ವಿವರಿಸಿ ಅಂದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲು ಬರುತ್ತದೆ. ಈಗ ನಾವು ‘ಕಲ್ಲು ಎಲ್ಲಿ ಹೋಯಿತು’ ಎಂದು ಬರೆಯುವುದಿಲ್ಲ. ಕಾಮಗಾರಿಯ ಹೆಸರು, ವರ್ಷ ಹಾಕಿ, ‘ಇದರ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಅಂತಿಮ ಬಿಲ್ಲಿನ ಪ್ರತಿ ಕೊಡಿ’ ಎಂದು ಬರೆಯುತ್ತೇವೆ. ಅರ್ಜಿಗೆ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಅಳತೆ ಪುಸ್ತಕ ಕೈಗೆ ಬಂದರೆ ಎಷ್ಟು ಉದ್ದಕ್ಕೆ ಎಷ್ಟು ಕಲ್ಲು ಅಂತ ತೀರದಲ್ಲಿ ನಿಂತು ತಾಳೆ ನೋಡಬಹುದು.

ನಮ್ಮ ಅರ್ಜಿಗಳಿಗೂ ಅದೇ ಮಾದರಿಯ ಜೇಸನ್ ಮಾಡಿದ್ದೇನೆ. ಒಂದು ಅರ್ಜಿಗೆ ಒಂದು ಫೈಲ್. ತಾರೀಖಿನ ಲೆಕ್ಕ ಮಾತ್ರ ಬೇರೆ ಬರೆಯಬೇಕಾಯಿತು. ಬ್ರಿಟನ್ನಿನ ಗಡುವು 20 ಕೆಲಸದ ದಿನ, ರಜೆ ಬಿಟ್ಟು ಎಣಿಸಬೇಕು. ನಮ್ಮದು 30 ದಿನ, ರಜೆಯೂ ಸೇರಿ. ಗಡುವು ದಾಟಿದ ಮೇಲೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ ಇರುತ್ತದೆ. ಆ ಅವಧಿ ಕೈ ತಪ್ಪದಂತೆ ಸ್ಕ್ರಿಪ್ಟ್ ನಮಗೆ ಮೇಲ್ ಕಳಿಸುತ್ತದೆ.

ಅಲಾವೆತೆಲಿಯಲ್ಲಿ ಕಚೇರಿ, ಶೀರ್ಷಿಕೆ, ಪತ್ರದ ಪಠ್ಯ ಮೊದಲೇ ತುಂಬಿದ ಕೊಂಡಿಯನ್ನೂ ಮಾಡಬಹುದು. ಆದರೆ ಓದಿ ‘ಕಳಿಸು’ ಒತ್ತುವುದು ಮನುಷ್ಯರೇ. ಅದು ಹಾಗೇ ಇರಬೇಕು. ಯಂತ್ರದಿಂದ ರಾಶಿ ಅರ್ಜಿ ಸುರಿದರೆ ನಿಜವಾಗಿ ಬೇಕಿದ್ದವರ ಅರ್ಜಿ ಅಡಿಯಲ್ಲಿ ಹೂತುಹೋಗುತ್ತದೆ.

ಉಳ್ಳಾಲ, ಮರವಂತೆ ಕಡೆಯವರು ಅರ್ಜಿ ಹಾಕುವುದಾದರೆ ಅಂದಾಜು ಪಟ್ಟಿ, ಅಳತೆ ಪುಸ್ತಕ ಕೇಳುವ ಮೇಲಿನ ಸಾಲನ್ನು ಹಾಗೇ ಬಳಸಿ. ಕಾಮಗಾರಿಯ ಹೆಸರನ್ನು ಟೆಂಡರ್ ಪ್ರಕಟಣೆಯಲ್ಲಿ ಇದ್ದ ಹಾಗೆಯೇ ಬರೆಯಿರಿ.